ಅಮ್ಮನ ಕೋಣೆಯ ಗೋಡೆ ನಿಂತಿದೆ, ಫ್ಯಾನ್ ಹಾಕಬೇಡ

ತಮ್ಮಾ,

"ಇದು ನಿಲ್ಲುತ್ತೋ, ಇಲ್ವೋ?" ಬೆಳಿಗ್ಗೆ ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಕೇಳಿದರು. ಆಮೇಲೆ ಗೋಡೆಗೆ ಹೆಬ್ಬೆರಳು ಒತ್ತಿ ನಕ್ಕುಬಿಟ್ಟರು. ನಿಂತಿದೆ ಕಣೋ! ತೇವ ಹಿಡಿದಿದ್ದ ಹಳೇ ಸಿಮೆಂಟ್ ಕೆತ್ತಿ ತೆಗೆದು ಬಳಿದ ಸುಣ್ಣದ ಗಾರೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಹೊರಡುವ ಅವಸರದಲ್ಲಿ ಗೀಚುತ್ತಿದ್ದೇನೆ, ನನ್ನ ಅಕ್ಷರ ನೋಡಿ ನಗಬೇಡ.

ಕೆಲಸದಿಂದ ಬಂದ ಕೂಡಲೇ ಗೋಡೆಗೆ ನೀರು ಚಿಮುಕಿಸು. ಎರಚಬೇಡ, ಮಂಜು ಬಿದ್ದ ಹಾಗಿರಲಿ. ಅಜ್ಜ ಹೇಳಿಕೊಟ್ಟ ಸಂಜೆಯ ದೇವರ ಪದ್ಯವನ್ನು ನಿಧಾನವಾಗಿ ಎರಡು ಸಲ ಹೇಳು. ಅದು ಮುಗಿಯುವ ಹೊತ್ತಿಗೆ ಈ ಮೂಲೆಯಿಂದ ಆ ಮೂಲೆ ತಲುಪಿರಬೇಕು. ನಾನು ಹಾಗೇ ಮಾಡುತ್ತಿದ್ದೇನೆ, ಈಗ ಮೇಸ್ತ್ರಿಯೂ ಗುನುಗುತ್ತಾರೆ. ಮರೆತಿದ್ದರೆ ನಿನ್ನ ಸಿನಿಮಾ ಹಾಡನ್ನೇ ಹೇಳು, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಫ್ಯಾನ್ ಮಾತ್ರ ಮುಟ್ಟಬೇಡ. ಹೋದ ಸಲ ಬೇಗ ಒಣಗಲಿ ಎಂದು ದಿನವಿಡೀ ಫ್ಯಾನ್ ತಿರುಗಿಸಿ ಗೋಡೆಯನ್ನೆಲ್ಲ ಬಿರುಕು ಬಿಡಿಸಿದ ಪುಣ್ಯಾತ್ಮ ನೀನೇ. ಈ ಸಲವೂ ಉದುರಿದರೆ ಮೇಸ್ತ್ರಿ ಮತ್ತೆ ಬರುವುದಿಲ್ಲವಂತೆ. ಆಗ ಅಮ್ಮನಿಗೆ ಅದೇ ತೇವದ ಕೋಣೆ, ಅದೇ ಕೆಮ್ಮು.

ಅಮ್ಮನನ್ನು ಕರೆತರಲು ಚಿಕ್ಕಮ್ಮನ ಮನೆಗೆ ಹೊರಟಿದ್ದೇನೆ. ಗಾರೆ ಪೂರ್ತಿ ಗಟ್ಟಿಯಾಗುವವರೆಗೆ ಇನ್ನೊಂದು ತಿಂಗಳು ಅಲ್ಲೇ ಇರಮ್ಮಾ ಎಂದು ಫೋನಿನಲ್ಲಿ ಎಷ್ಟು ಬೇಡಿಕೊಂಡೆ ಗೊತ್ತಾ?

"ನಡುಮನೇಲಿ ಹಾಸಿಗೆ ಹಾಕಿಡು. ನನ್ನ ಗೋಡೆಗೆ ನಾಳೆಯಿಂದ ನಾನೇ ನೀರು ಹಾಕ್ತೀನಿ. ಇನ್ನೊಂದು ದಿನವೂ ಇಲ್ಲಿರೋಲ್ಲ" ಅಂದುಬಿಟ್ಟಳು.