ಕಾಶವ್ವನ ಕೌದಿಗೆ ನೀರು ಹೇಳಿದ್ದು

ರಾಣೆಬೆನ್ನೂರು, ಮೂರನೇ ಸಾಲು
ಫೆಬ್ರವರಿ 30, 2219

ಸುಲೋಚನಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ಸಾವಂತ್ರವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಈ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತುಕೊಟ್ಟು ನಾವು ಅದನ್ನು ಉದ್ದ ಮಾಡಿಕೊಂಡಿದ್ದೇವೆ. ಅರವತ್ತು ತುಂಬಿದವರು ಹಿಂದಿನವರಿಗೆ ಒಂದು ಕಾಗದ ಬರೆಯುವುದು ನಮ್ಮಲ್ಲಿ ರೂಢಿ. ಮುಟ್ಟುತ್ತದೋ ಇಲ್ಲವೋ ಬಲ್ಲವರು ಯಾರೂ ಇಲ್ಲ. ಹೆಚ್ಚಿನವರು ತಮ್ಮ ಮಕ್ಕಳ ಹೊಗಳಿಕೆ ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಆ ಸುಖ ಇಲ್ಲ. ನಾನು ಮಾಡಿದ್ದನ್ನು ಈ ಮನೆಸಾಲಿನ ಜನರೆದುರು ಮತ್ತೆ ಹೇಳಲು ಮುಖವಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಡುನಡುವೆ ನಿಮಗೆ ತಿಳಿಯದ ಶಬ್ದಗಳು ಬಂದರೆ ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಇವರಿಗೆ ನೀರಿಲ್ಲ ಪಾಪ ಎಂದು ಮರುಗಬೇಡಿ, ನೀರಿದೆ. ನಮ್ಮಲ್ಲಿ ಇಲ್ಲದ್ದು ಬಟ್ಟೆ. ನೀವು ಪೆಟ್ರೋಲಿನ ಎಣ್ಣೆಯಿಂದ ನೂಲು ಎಳೆಯುತ್ತಿದ್ದಿರಂತೆ, ಅದನ್ನು ಈಗ ಯಾರೂ ಎಳೆಯುವುದಿಲ್ಲ. ಹತ್ತಿ ಬೆಳೆಯುತ್ತಿದ್ದ ಹೊಲದಲ್ಲಿ ಹೊಟ್ಟೆಗೆ ಜೋಳ ಬೆಳೆದುಕೊಳ್ಳುತ್ತೇವೆ. ತಲೆಗೆ ವರ್ಷಕ್ಕೆ ಒಂಬತ್ತು ಮೊಳ ಹೊಸ ಬಟ್ಟೆ, ಅಷ್ಟೇ. ಸಾಲಿಗೊಂದು ಒಗೆಮನೆ ಇದೆ, ಎಲ್ಲರೂ ಅಲ್ಲೇ ತೊಳೆಯಬೇಕು. ಅದರ ಮೋರಿಗೆ ಕಟ್ಟಿದ ಜರಡಿಯಲ್ಲಿ ಸಂಜೆಯ ಹೊತ್ತಿಗೆ ಬೆಕ್ಕಿನ ಕೂದಲಿನಂತೆ ನೂಲಿನ ಧೂಳು ಕೂಡುತ್ತದೆ. ಚಿಕ್ಕಂದಿನಲ್ಲಿ ಅದನ್ನು ನಮಗೆ ತೋರಿಸಿ, ನೋಡಿ, ನಿಮ್ಮ ಅಂಗಿ ಇವತ್ತು ಇಷ್ಟು ಸವೆಯಿತು ಎಂದು ಹೇಳುತ್ತಿದ್ದರು. ಹಾಗಾಗಿ ಒಗೆಯುವುದೆಂದರೆ ನಮಗೆ ಯೋಚಿಸಿ ಮಾಡುವ ಕೆಲಸ.

ಹೊಲಸು ಜನ ಎಂದು ಮೂಗು ಮುರಿಯಬೇಡಿ ಮತ್ತೆ. ಒಳ ಉಡುಪನ್ನು ದಿನಾ ಒಂದು ಚೊಂಬು ನೀರಲ್ಲಿ ಹಿಂಡಿಕೊಳ್ಳುತ್ತೇವೆ. ಕೂಸಿನ ಬಟ್ಟೆಗೆ, ಕಾಯಿಲೆಯವರ ಬಟ್ಟೆಗೆ ಲೆಕ್ಕವೇ ಇಲ್ಲ, ಬೇಕಾದಾಗ ತೊಳೆಯಬಹುದು. ಉಳಿದದ್ದಕ್ಕೆ ಸರದಿ ಇದೆ. ಮೈ ಒರೆಸುವ ವಸ್ತ್ರವನ್ನು ಮುದ್ದೆ ಮಾಡದೆ ಹರವಿದರೆ ಹತ್ತು ದಿನ ಬರುತ್ತದೆ. ದಿಂಬಿನ ಚೀಲ ಹದಿನೈದು ದಿನ, ಹಾಸಿಗೆಯ ದುಪ್ಪಟಿ ಒಂದು ತಿಂಗಳು. ಬಾಗಿಲ ಪರದೆಯನ್ನು ಮನೆಯಲ್ಲಿ ಮದುವೆ ಬಂದರೆ ತೊಳೆಯುತ್ತೇವೆ, ಇಲ್ಲವಾದರೆ ಕೊಡವುತ್ತೇವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನಿಮ್ಮ ಕಾಲದಲ್ಲೂ ಇತ್ತಲ್ಲ, ಅದಕ್ಕೆ ವರ್ಷಕ್ಕೊಂದೇ ನೀರು, ಫೆಬ್ರವರಿ ಮೂವತ್ತರಂದು. ಆ ದಿನಕ್ಕೆ ದೊಡ್ಡೊಗೆತ ಎನ್ನುತ್ತೇವೆ. ಇವತ್ತೇ ಆ ದಿನ. ಬರೆಯುತ್ತಿರುವಾಗ ನನ್ನ ಸೆರಗು ಇನ್ನೂ ಒದ್ದೆ ಇದೆ.

ಸರದಿಗೆ ಮೊದಲೇ ನೀರು ಬೇಕೋ ಬೇಡವೋ ಎಂದು ಹೇಳಲು ಪ್ರತಿ ಸಾಲಿನಲ್ಲಿ ಒಬ್ಬಳು ಮೂಗವ್ವ ಇರುತ್ತಾಳೆ. ಸೋಮವಾರ ಸೋಮವಾರ ಮನೆಮನೆಗೆ ಹೋಗಿ ಬಟ್ಟೆ ಮೂಸಿ ನೋಡುವುದು ಅವಳ ಕೆಲಸ. ಹೇಳುವುದು ಮೂರೇ ಮಾತು: ಗಾಳಿ, ಬಿಸಿಲು, ನೀರು. ಗಾಳಿ ಎಂದರೆ ಕೊಡವಿ ಆರಹಾಕು. ಬಿಸಿಲು ಎಂದರೆ ಒಂದು ಹಗಲು ಮಗುಚಿ ಮಗುಚಿ ಕಾಯಿಸು. ನೀರು ಎಂದರೆ ಒಗೆ. ಈ ಮಾತನ್ನು ಮನೆಯವರ ಕಿವಿಯಲ್ಲಿ ಹೇಳಬೇಕು, ಪಕ್ಕದವರಿಗೂ ಕೇಳಿಸಬಾರದು. ಮೂಗವ್ವನಿಗೆ ಇರುವುದು ಇದೊಂದೇ ಕಟ್ಟಳೆ. ಹನ್ನೊಂದು ವರ್ಷದಿಂದ ಈ ಸಾಲಿನ ಮೂಗವ್ವ ನಾನು, ಮತ್ತು ಈ ಕಟ್ಟಳೆ ಮುರಿದವಳೂ ನಾನೇ.

ಈ ಮೂಗು ನಿಮ್ಮದೇ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನಿಮ್ಮ ಕಬ್ಬಿಣದ ಅಲಮಾರಿಯ ಒಂದು ಬಾಗಿಲು ಇನ್ನೂ ಉಳಿದಿದೆ. ಅದನ್ನೇ ಅಡ್ಡ ಮಲಗಿಸಿ, ಅದರ ಮೇಲೆ ರೊಟ್ಟಿ ಬಡಿಯುತ್ತೇನೆ. ಒಳಮೈಯಲ್ಲಿ ನೀವು ಮೊಳೆಯಿಂದ ಕೊರೆದ ಪಟ್ಟಿ ಇದೆ. ಕಾಗದ ಅಂಟಿಸಿದರೆ ಮನೆಯವರು ಕಿತ್ತುಹಾಕುತ್ತಾರೆಂದು ಕೊರೆದೇಬಿಟ್ಟಿರೋ ಏನೋ, ಜಬರದಸ್ತು ಹೆಂಗಸು! ಬೆಡ್‌ಶೀಟ್ ವಾರಕ್ಕೆ ಎರಡು ಸಲ. ಜೀನ್ಸ್ ಒಂದು ಸಲ ಹಾಕಿದರೆ ಮಷೀನಿಗೆ. ಟವೆಲ್ ದಿನಾ, ಅದರ ಕೆಳಗೆ ಎರಡು ಗೆರೆ. ಚಿಕ್ಕವಳಿದ್ದಾಗ ನಾನು ಟವೆಲ್ ಎಂದರೆ ದಿನಾ ಸ್ನಾನ ಮಾಡಿಸಬೇಕಾದ ದೇವರು ಅಂದುಕೊಂಡಿದ್ದೆ. ಪಟ್ಟಿಯ ಜೊತೆಗೆ ನಿಮ್ಮ ಒಂದು ಮಾತೂ ಮನೆಯಲ್ಲಿ ಇಳಿದು ಬಂದಿದೆ. ಒಂದು ಸಲ ಮೂಸಿ, "ಛೀ, ನಾರತೈತಿ!" ಎಂದು ಮಷೀನಿಗೆ ಎಸೆಯುತ್ತಿದ್ದಿರಂತೆ. ನಮ್ಮಲ್ಲಿ ಆ ಮಾತನ್ನು ಬೀದಿಯಲ್ಲಿ ಆಡುವುದು ಬೈಗುಳಕ್ಕಿಂತ ಕಡೆ. ಆದರೂ ಅದು ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು ನೋಡಿ.

ನಮ್ಮ ಎದುರುಮನೆಗೆ ಕಾಶವ್ವ, ಅವಳ ಗಂಡ ವಿರುಪಣ್ಣ ಬಂದು ಎರಡು ವರ್ಷ. ವಿರುಪಣ್ಣನಿಗೆ ಮರೆವಿನ ರೋಗ. ಹೆಂಡತಿಯ ಹೆಸರೂ ಕೆಲವು ದಿನ ನೆನಪಿರುವುದಿಲ್ಲ. ಆದರೂ ಸಂಜೆಯಾದರೆ ತಾನಾಗಿ ಮನೆಗೆ ಬಂದು, ಒಳಕೋಣೆಯಲ್ಲಿ ಒಂದು ಕೌದಿ ಹೊದ್ದುಕೊಂಡು ಸಣ್ಣ ಕೂಸಿನ ಹಾಗೆ ಸುಮ್ಮನಾಗುತ್ತಿದ್ದ. ಅದು ಅವನ ತಾಯಿಯ ಕೌದಿ. ಆಕೆ ತೀರಿಕೊಂಡು ಒಂಬತ್ತು ವರ್ಷ. ಒಂಬತ್ತು ದೊಡ್ಡೊಗೆತಕ್ಕೂ ಕಾಶವ್ವ ಬೇರೆ ಕೌದಿ ಒಯ್ದು ಒಗೆದು, ಇದೊಂದನ್ನು ನೀರು ಮುಟ್ಟಿಸದೆ ಬಚ್ಚಿಟ್ಟಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಮೊದಲೇ ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

ಸಂಕ್ರಾಂತಿಯ ಮುಂದಿನ ಸೋಮವಾರ ನಾಲ್ಕನೇ ಸಾಲಿನ ಮೂಗವ್ವ ನಮ್ಮಲ್ಲಿಗೆ ಬಂದಿದ್ದಳು. ಮಹಾ ಜಂಬದ ಹೆಂಗಸು. ಬೀದಿಯಲ್ಲಿ ನಿಂತು ಎಲ್ಲರೆದುರು, "ನಿಮ್ಮ ಸಾಲಿನಾಗ ಏನೋ ಬಾಳ ವಾಸನಿ ಬರಾಕತ್ತೈತಲ್ರೀ, ನಿಮ್ಮ ಮೂಗಿಗೆ ನೆಗಡಿ ಆಗೇತೇನು?" ಎಂದಳು. ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು. ಕಾಶವ್ವ ಆವತ್ತು ಹಿತ್ತಲಲ್ಲಿ ಆ ಕೌದಿಯನ್ನು ಬಿಸಿಲಿಗೆ ಹಾಕಿದ್ದಳು. ನಾನು ಸರಸರ ಹೋಗಿ ಅದನ್ನು ಎಳೆದುಕೊಂಡು ಬೀದಿಗೆ ಬಂದು, ಮೂಗಿಗೆ ಹಿಡಿದು, ಕೂಗಿದೆ: "ಕಾಶವ್ವಾ, ಏನಿದು? ಛೀ, ನಾರತೈತಿ! ನೀರು, ನೀರು! ಇವತ್ತ ಒಗೀ!" ಜನ ನಕ್ಕರು. ನಾಲ್ಕನೇ ಸಾಲಿನವಳೂ ನಕ್ಕಳು. ನಾನೂ ನಕ್ಕೆ ಅಜ್ಜಿ, ಅದನ್ನು ಯಾಕೆ ಮುಚ್ಚಿಡಲಿ.

ಕಾಶವ್ವ ಕೌದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ತಲೆ ತಗ್ಗಿಸಿಕೊಂಡು ಒಗೆಮನೆಗೆ ಹೋದಳು. ಮಧ್ಯಾಹ್ನವಿಡೀ ಕಲ್ಲಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಎರಡು ಪಾಲು ಅಂಟವಾಳದ ನೊರೆ ಹಾಕಿದಳಂತೆ. ನಾನು ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಾ, ನನ್ನ ಮಾತಿಗೆ ಇನ್ನೂ ಕಿಮ್ಮತ್ತಿದೆ ಎಂದು ಹಿಗ್ಗುತ್ತಿದ್ದೆ. 

ಮರುದಿನ ಸಂಜೆ ಒಣಗಿದ ಕೌದಿ ಹೊದಿಸಿದರೆ ವಿರುಪಣ್ಣ ಅದನ್ನು ಮೂಸಿ, ತೆಗೆದು ಪಕ್ಕಕ್ಕಿಟ್ಟ. "ಇದು ನಮ್ಮವ್ವಂದಲ್ಲ. ಯಾರದರ ತಂದೀದಿ, ಒಯ್ದು ಕೊಟ್ಟ ಬಾ" ಎಂದನಂತೆ. ಆಮೇಲೆ ಎದ್ದು ಹೊಸ್ತಿಲಲ್ಲಿ ನಿಂತು, ಇದು ಯಾರ ಮನೆ ಎಂದು ಕೇಳಿದನಂತೆ. ಆವತ್ತಿನಿಂದ ಅವನಿಗೆ ಮನೆ ಇಲ್ಲ. ಹಗಲೆಲ್ಲ ಬೀದಿಯಲ್ಲಿ ನಿಂತು, ಹೋಗಿಬರುವವರನ್ನು ದಾರಿ ಕೇಳುತ್ತಾನೆ. ನನ್ನನ್ನೂ ಕೇಳುತ್ತಾನೆ, "ತಂಗೀ, ನಮ್ಮ ಮನಿ ಎಲ್ಲಿ ಬರತೈತಿ?" ನಾನು ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿ ಅವನದೇ ಬಾಗಿಲಿಗೆ ಬಿಡುತ್ತೇನೆ. ಒಳಗೆ ಇಣುಕಿ ನೋಡಿ, "ಇದಲ್ಲ ಬಿಡು" ಎಂದು ಬೇಸರವಿಲ್ಲದೆ ತಿರುಗುತ್ತಾನೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮೂಗು ನನ್ನದೇ ತಾನೇ, ಕಳೆದ ವಾಸನೆಯನ್ನು ನಾನೇ ಕಟ್ಟಿಕೊಡುತ್ತೇನೆಂದು ಹೊರಟೆ. ಬೀದಿಯಲ್ಲಿ ಒಮ್ಮೆ ಮೂಗಿಗೆ ಹಿಡಿದದ್ದನ್ನು ನೆನಪು ಮಾಡಿಕೊಂಡು ನಸ್ಯ, ಬೆಣ್ಣೆ, ಸುಣ್ಣ, ಸುಟ್ಟ ಸಗಣಿ ಕುಳ್ಳಿನ ಚೂರು ಎಲ್ಲ ಒಂದು ಗಂಟಿನಲ್ಲಿ ಕಟ್ಟಿ ಕೌದಿಯ ಮಡಿಕೆಯಲ್ಲಿ ಮೂರು ದಿನ ಇಟ್ಟೆ. ವಿರುಪಣ್ಣ ಮೂಸಿ, ಎರಡು ಸಲ ಸೀನಿ, "ಯಾರೋ ಅಂಗಡಿ ಹೊತ್ಕೊಂಡು ಬಂದಾರ" ಎಂದು ನಕ್ಕ. ಕಾಶವ್ವ ನಗಲಿಲ್ಲ. ಆ ಗಂಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅತ್ತೆಯ ವಾಸನೆ ಇನ್ನು ಬರುವುದಿಲ್ಲವೆಂದು ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು. ಈಗ ಅವಳು ಆ ಕೌದಿಯನ್ನು ಹಗಲೂ ಮೈಗೆ ಸುತ್ತಿಕೊಂಡೇ ಒಲೆಯ ಮುಂದೆ ಕೂರುತ್ತಾಳೆ, ಬೀಸುತ್ತಾಳೆ, ಕಸ ಹೊಡೆಯುತ್ತಾಳೆ. ತನ್ನ ಬೆವರಾದರೂ ಅದಕ್ಕೆ ಹತ್ತಿದರೆ, ಒಂದಲ್ಲ ಒಂದು ದಿನ ಅವನು ಅದನ್ನು ತನ್ನ ಮನೆಯದೆಂದು ಗುರುತು ಹಿಡಿದಾನು ಎಂಬ ಆಸೆ.

ನಾನು ಮೂಗವ್ವತನ ಬಿಡುತ್ತೇನೆಂದು ಸಾಲಿನವರಿಗೆ ಹೇಳಿದೆ. ಎಲ್ಲರೂ ಒಪ್ಪಿದರು, ಕಾಶವ್ವ ಒಪ್ಪಲಿಲ್ಲ. "ಬಿಟ್ಟು ಹೋದ್ರ ವಾಸನಿ ಬಂದದ್ದು ನನಗ ಯಾರು ಹೇಳಬೇಕು? ಸೋಮವಾರಕ್ಕೊಮ್ಮೆ ಬರ್ರಿ" ಎಂದಳು. ಹೋಗುತ್ತಿದ್ದೇನೆ. ಪ್ರತಿ ವಾರ ಅವಳು ಕಿವಿ ಕೊಡುತ್ತಾಳೆ, ನಾನು ಅದರಲ್ಲಿ "ಇನ್ನೂ ಇಲ್ಲ" ಎನ್ನುತ್ತೇನೆ.

ಇವತ್ತು ದೊಡ್ಡೊಗೆತ. ಎಲ್ಲರ ಕೌದಿಗಳೂ ಬೀದಿಗೆ ಬಂದವು. ಕಾಶವ್ವ ತನ್ನದನ್ನು ಹೊದ್ದುಕೊಂಡೇ ನಡುಬೀದಿಗೆ ಬಂದು ನನ್ನೆದುರು ನಿಂತಳು. ನಾನು ಅವಳ ಕಿವಿಯ ಹತ್ತಿರ ಬಾಗಿದೆ. ಅವಳು ಹಿಂದೆ ಸರಿದಳು. "ಇವತ್ತ ಕಿವಿಯಾಗ ಬ್ಯಾಡ್ರಿ. ಅವತ್ತ ಹೆಂಗ ಹೇಳಿದ್ರಿ, ಹಂಗ ಹೇಳ್ರಿ. ಎಲ್ಲಾರಿಗೂ ಕೇಳ್ಲಿ." ನಾನು ಕೌದಿಯಲ್ಲಿ ಮುಖ ಹುದುಗಿಸಿದೆ. ಅವಳ ಒಲೆಯ ಈರುಳ್ಳಿ ಒಗ್ಗರಣೆಯ ಒಂದು ಎಳೆ ಸಿಕ್ಕಿದರೂ ಸಾಕೆಂದು ಮೂಲೆ ಮೂಲೆ ಹುಡುಕಿದೆ. ಬಿಸಿಲು, ಆವತ್ತಿನ ಎರಡು ಪಾಲು ಅಂಟವಾಳ, ಮತ್ತೇನೂ ಇಲ್ಲ. ಸುಳ್ಳು ಹೇಳೋಣವೆನ್ನಿಸಿತು, ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಲಿಗೆ ಸಾಲೇ ಕೇಳುವ ಹಾಗೆ ಹೇಳಿದೆ: "ಏನೂ ವಾಸನಿ ಇಲ್ಲ. ಸ್ವಚ್ಛ ಐತಿ."

ಈ ಸಲ ಯಾರೂ ನಗಲಿಲ್ಲ. ವಿರುಪಣ್ಣ ಮಾತ್ರ ತಲೆಯಾಡಿಸಿ, "ನಾ ಹೇಳ್ಲಿಲ್ಲೇನು ಮತ್ತ? ನಮ್ಮದಲ್ಲ ಅದು" ಎಂದ. ಕಾಶವ್ವ ಕೌದಿಯನ್ನು ಮತ್ತೆ ಸುತ್ತಿಕೊಂಡು ಒಳಗೆ ಹೋದಳು. ನಾನು ಒಗೆಮನೆಗೆ ಹೋಗಿ ಉಳಿದವರ ಕೌದಿಗಳಿಗೆ ನೀರು ಹೊಯ್ದು ಬಂದು ಇದನ್ನು ಬರೆಯಲು ಕೂತೆ.

ಅಜ್ಜಿ, ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಬರೆಯುತ್ತಿಲ್ಲ. ಮಾತು ನಿಮ್ಮದಾದರೂ ಬಾಯಿ ನನ್ನದು. ಒಂದೇ ಬೇಡಿಕೆ ಇದೆ. ನಿಮ್ಮ ಪಟ್ಟಿಯ ಕೆಳಗೆ, ಟವೆಲ್ಲಿನ ಎರಡು ಗೆರೆಗಳ ಆಚೆ, ನಾಲ್ಕು ಬೆರಳು ಜಾಗ ಖಾಲಿ ಉಳಿದಿದೆ. ಈ ಕಾಗದ ನಿಮ್ಮ ಕೈ ಸೇರಿದರೆ ಮೊಳೆ ತೆಗೆದುಕೊಂಡು ಅಲ್ಲಿ ಒಂದು ಸಾಲು ಕೊರೆಯಿರಿ: ತೊಳೆಯುವ ಮೊದಲು ಇದು ಯಾರದು ಎಂದು ಕೇಳು. ನೀವು ಕೊರೆದಿದ್ದರೆ ನಾನು ಅದನ್ನು ಹುಟ್ಟಿದಾಗಿನಿಂದ ಓದುತ್ತಾ ಬೆಳೆದಿರುತ್ತಿದ್ದೆ, ಆ ಸೋಮವಾರ ನನ್ನ ಬಾಯಿಗೆ ಬೇರೆ ಮಾತು ಬರುತ್ತಿತ್ತು, ವಿರುಪಣ್ಣ ಈ ಹೊತ್ತಿಗೆ ಅವ್ವನ ಕೌದಿ ಹೊದ್ದು ಸುಮ್ಮನಿರುತ್ತಿದ್ದ.

ಈ ಕಾಗದದ ಯೋಚನೆ ಬಂದಾಗಿನಿಂದ ದಿನಾ ಬೆಳಿಗ್ಗೆ ಕೊನೆಯ ರೊಟ್ಟಿ ಬಡಿದ ಮೇಲೆ ಅಲಮಾರಿ ಬಾಗಿಲಿನ ಹಿಟ್ಟು ಸರಿಸಿ ಆ ಜಾಗವನ್ನು ಬೆರಳಿಂದ ಸವರಿ ನೋಡುತ್ತೇನೆ. ಇವತ್ತೂ ನೋಡಿದೆ, ನುಣ್ಣಗಿತ್ತು. ಹೊರಗೆ ವಿರುಪಣ್ಣ ಯಾರನ್ನೋ ದಾರಿ ಕೇಳುತ್ತಿದ್ದಾನೆ, ಹೋಗಿ ಕೈ ಹಿಡಿದುಕೊಳ್ಳಬೇಕು.

ನಿಮ್ಮ ಮೂಗು ಪಡೆದವಳು,
ಸಾವಂತ್ರವ್ವ