ಕಾಯಿನೀರಿನ ಕ್ಯಾನು

ಡೊಂಬಿವಲಿ ಎಂಐಡಿಸಿ
೧೮ ಫೆಬ್ರವರಿ ೨೦೧೮

ಚಿ. ಸೌ. ಮುಕ್ತಾಳಿಗೆ,

ನಿನ್ನ ಅಣ್ಣ ಹೃಷೀಕೇಶನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಸೌಖ್ಯ. ನಿನ್ನ ಆಮಂತ್ರಣ ಬಂದು ಮೂರು ವಾರ ಆಯ್ತು, ಉತ್ತರ ಇಲ್ಲವೆಂದು ಸಿಟ್ಟಾಗಬೇಡ ಮಾರಾಯ್ತಿ. ಎರಡು ಸಲ ಬರೆದೆ, ಎರಡೂ ಸಲ ಹರಿದು ಹಾಕಿದೆ. ನನ್ನ ಅವಸ್ಥೆ ನೋಡಿ ಸಾತ್ವಿಕ, "ಐರೋಲಿ ಏನು ಅಮೆರಿಕವಾ? ಅತ್ತೆಗೆ ಒಂದು ಫೋನ್ ಮಾಡು ಬಾಬಾ" ಎಂದು ಮರಾಠಿಯಲ್ಲಿ ನಕ್ಕ. ಅಪ್ಪನ ಕನ್ನಡಕ್ಕೆ ಮಗನ ಮರಾಠಿ, ನಮ್ಮ ಮನೆಯ ಕ್ರಮ ನಿನಗೆ ಗೊತ್ತುಂಟಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದವಾದರೆ ಪೂರ್ತಿ ಓದಲೇಬೇಕು.

ನಿನ್ನ ನಿವೃತ್ತಿ ಸಮಾರಂಭದಲ್ಲಿ ನಾನು ವೇದಿಕೆಯ ಮೇಲೆ, ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು ಶಾಲು ಹೊದೆಸಿಕೊಳ್ಳಬೇಕು ಎಂದು ಬರೆದಿದ್ದೀ. ಆ ಕುರ್ಚಿಯಲ್ಲಿ ಕೂರುವ ಯೋಗ್ಯತೆ ನನಗೆ ಉಂಟೋ ಇಲ್ಲವೋ, ನನ್ನ ಸಂಕಟ ಅದೇ. ಮೊದಲು ನಿನ್ನನ್ನು ಹೊಟ್ಟೆ ತುಂಬ ಹೊಗಳುತ್ತೇನೆ. ಧೈರ್ಯ ಬಂದರೆ ಆಮೇಲೆ ಅದರ ಕಾರಣವನ್ನೂ ಬರೆಯುತ್ತೇನೆ.

ನಿನ್ನ ಸಸ್ಯ ಜೀವರಸಾಯನ ಅಂದರೆ ಏನು ಎಂದು ನಮ್ಮ ಹೋಟೆಲಿನ ಗಿರಾಕಿಗಳು ಕೇಳಿದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಪಾಠ ಶುರುಮಾಡುತ್ತೇನೆ. "ಬೇರು ಯಾವಾಗ ಬಿಡಬೇಕು, ಚಿಗುರು ಯಾವಾಗ ಒಡೆಯಬೇಕು ಎಂದು ಗಿಡಕ್ಕೆ ಹೇಳುವ ಹಾರ್ಮೋನು ಉಂಟು. ಎಲೆ ಮಾಡಿದ ಸಕ್ಕರೆ ಗಿಡದೊಳಗೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದೂ ನನ್ನ ತಂಗಿಗೆ ಗೊತ್ತುಂಟು!" ಇಡ್ಲಿ ತಣ್ಣಗಾದರೂ ಬಿಡುವುದಿಲ್ಲ. ಬಾಳೆಹಣ್ಣಿನ ಬನ್ಸಿಗೆ ಹಣ್ಣಿಲ್ಲವೆಂದು ನಾವು ತಲೆ ಕೆಡಿಸಿಕೊಂಡ ದಿನ ನೀನು, ಒಂದು ಕಳಿತ ಬಾಳೆಹಣ್ಣನ್ನು ಕಾಯಿಗಳ ನಡುವೆ ಇಟ್ಟು ಗೋಣಿ ಮುಚ್ಚಿ ಎಂದೆ. ಹಣ್ಣು ಬಿಡುವ ಗಾಳಿಯೂ ಒಂದು ಹಾರ್ಮೋನಂತೆ. ಎರಡು ದಿನದಲ್ಲಿ ಗೊನೆಯೆಲ್ಲ ಹಳದಿ. ಅಡುಗೆಯ ಕಿಟ್ಟು ಭಟ್ಟರು ಅಂದಿನಿಂದ ನಿನಗೆ ಕೈಮುಗಿಯುತ್ತಾರೆ.

೨೦೦೪ರಲ್ಲಿ ನೀನು ಅಡುಗೆಮನೆಗೆ ನುಗ್ಗಿ, "ಅಣ್ಣಾ, ಚಟ್ನಿಗೆ ಕಾಯಿ ಒಡೆದು ನೀರನ್ನು ಮೋರಿಗೆ ಚೆಲ್ಲುತ್ತೀಯಲ್ಲ, ಅದು ನನಗೆ ಬೇಕು" ಎಂದೆ. ಚಿಗುರನ್ನು ಒಂದಕ್ಕೆ ಹತ್ತು ಮಾಡುವ ಹಾರ್ಮೋನು ಅದರಲ್ಲಿ ಉಂಟೆಂದು ನನಗೆ ಆವತ್ತೇ ತಿಳಿದದ್ದು. ಅಲ್ಲಿಂದ ಹನ್ನೆರಡು ವರ್ಷ, ನೀನು ಐರೋಲಿಯಲ್ಲಿ ಮನೆ ಮಾಡುವ ತನಕ, ಐದು ಲೀಟರಿನ ಸ್ಟೀಲ್ ಕ್ಯಾನು ಹಿಡಿದು ಡೊಂಬಿವಲಿಯಿಂದ ಠಾಣೆ, ಅಲ್ಲಿ ಟ್ರೇನು ಬದಲಿಸಿ ನವಿ ಮುಂಬಯಿಯ ಲ್ಯಾಬು. ಲೇಡೀಸ್ ಡಬ್ಬಿಯಲ್ಲಿ ನಿನ್ನನ್ನು "ನಾರಿಯಲ್‌ವಾಲಿ ಮ್ಯಾಡಮ್" ಎನ್ನುತ್ತಿದ್ದರಂತೆ. ಡಾಕ್ಟರೇಟ್ ಆದವಳು, ಅದನ್ನು ಹೇಳಿ ನೀನೇ ಬಿದ್ದು ಬಿದ್ದು ನಗುತ್ತಿದ್ದೆ. ಬಾಟಲಿಯೊಳಗೆ ಆ ನೀರು ಕುಡಿದು ಬೆಳೆದ ಉಗುರಿನಷ್ಟು ಬಾಳೆಸಸಿಗಳನ್ನು ಮೊದಲ ಸಲ ತೋರಿಸಿದಾಗ ನಾನು ಬಾಟಲಿಯನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ನೆನಪುಂಟಾ? ಈಗ ಕಲ್ಯಾಣದಾಚೆ ಆ ಸಸಿಗಳ ತೋಟಗಳೇ ಉಂಟು.

ಆದರೆ ನಿನ್ನ ನಿಜವಾದ ಛಲ ನಾನು ಕಂಡದ್ದು ೨೦೦೬ರ ಮೇ ತಿಂಗಳಲ್ಲಿ. ನಾನೂರು ಬಾಟಲಿ ಸಸಿಗಳು ಒಂದೇ ವಾರದಲ್ಲಿ ಕಪ್ಪಾದವು. ಆರು ತಿಂಗಳ ಕೆಲಸ ಹೋಯಿತು. ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಉಮಾವತಿಯ ತಪ್ಪು ಎಂದು ನೀನು ಅತ್ತು, ಊಟ ಮಾಡದೆ ಮಲಗಿದೆ. ಮರುದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ನೀರು ಕೊಡು ಅಣ್ಣಾ, ಮತ್ತೆ ಶುರು ಮಾಡುತ್ತೇನೆ." ನಿನ್ನ ಹಾಗಿನವರು ನಮ್ಮ ಮನೆತನದಲ್ಲಿ ಇನ್ನೊಬ್ಬರಿಲ್ಲ.

ನಿನ್ನ ಅತ್ತಿಗೆ ಅಪರ್ಣಾ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಕೃಷ್ಣ ನಿನ್ನನ್ನು ಗಟ್ಟಿಯಾಗಿಟ್ಟಿರಲಿ. ಇನ್ನಾದರೂ ಬೆಳಿಗ್ಗೆ ಕೂತು ಬಿಸಿ ಬಿಸಿ ಕಾಫಿ ಕುಡಿ.

ನಿನ್ನ ಅಣ್ಣ,
ಹೃಷೀಕೇಶ

ತಾ. ಕ.: ಆ ನಾನೂರು ಬಾಟಲಿ ಹಾಳುಮಾಡಿದ್ದು ನಾನು, ಮುಕ್ತಾ. ಅದರ ಹಿಂದಿನ ವಾರ ಸೆಖೆಗೆ ನೀರು ಹುಳಿಯಾಯಿತೆಂದು ನೀನು ಮುಖ ಸಣ್ಣ ಮಾಡಿದ್ದೆ. ಕಾಯಿತುರಿ ಕೆಡದಿರಲಿ ಎಂದು ಉಪ್ಪು ಬೆರೆಸುವುದು ನಮ್ಮ ಅಡುಗೆಮನೆಯ ಕ್ರಮವಲ್ಲವಾ? ಅದೇ ಬುದ್ಧಿಯಲ್ಲಿ ಕ್ಯಾನಿಗೂ ಮೂರು ಮುಷ್ಟಿ ಉಪ್ಪು ಹಾಕಿ ಕದಡಿದೆ. ನಿನಗೆ ಉಪಕಾರ ಮಾಡಿದೆ ಎಂದುಕೊಂಡಿದ್ದೆ. "ಲವಣ ಜಾಸ್ತಿಯಾಗಿ ಸತ್ತಿವೆ, ತೊಳೆಯುವ ಪುಡಿ ಉಳಿದಿರಬೇಕು, ಉಮಾವತಿಯ ಮೇಲೆ ದೂರು ಬರೆದುಕೊಟ್ಟೆ" ಎಂದು ನೀನು ಅತ್ತಾಗ ನನಗೆ ಎಲ್ಲ ಹೊಳೆಯಿತು. ಬಾಯಿ ಬಿಡಲಿಲ್ಲ. ನಾಳೆಯಿಂದ ನನ್ನ ನೀರು ಬೇಡ ಎನ್ನುತ್ತೀಯೋ ಎಂಬ ಹೆದರಿಕೆ. ಅವಳ ಕೆಲಸ ಹೋಯಿತು, ನಾನು ದಿನಾ ಕ್ಯಾನು ತುಂಬುತ್ತಲೇ ಇದ್ದೆ.

ನಿನ್ನೆ ವಿಠ್ಠಲವಾಡಿಯಲ್ಲಿ ಅವಳನ್ನು ಹುಡುಕಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಸೆರಗಿಗೆ ಕೈ ಒರೆಸಿಕೊಂಡು, "ಹಂಗಾದ್ರ ನಾ ಛಲೋನೇ ತೊಳದಿದ್ದೆ, ಹೌದಲ್ರೀ?" ಎಂದಳು. ಹನ್ನೆರಡು ವರ್ಷದಿಂದ ಮನೆಯ ಪಾತ್ರೆಗಳನ್ನೂ ಎರಡೆರಡು ಸಲ ತೊಳೆಯುತ್ತಾಳಂತೆ. ನಾನು ಹೌದು ಹೌದು ಎಂದರೂ ಮತ್ತೆ ಮತ್ತೆ ಅದನ್ನೇ ಕೇಳಿದಳು.

ಆ ಕುರ್ಚಿಯಲ್ಲಿ ಅವಳನ್ನು ಕೂರಿಸು. ನಾನೇ ಕರೆದುಕೊಂಡು ಬರುತ್ತೇನೆ. ಅವಳು ಚೆನ್ನಾಗಿ ತೊಳೆದಿದ್ದಳು ಎಂದು ಎಲ್ಲರೆದುರು ನೀನು ಹೇಳಬೇಕು. ನಾನು ಹೇಳಿದರೆ ಅವಳಿಗೆ ಸಾಲುತ್ತಿಲ್ಲ.