ವೇಲುವೂ ಅಂಜಿರಲಿಲ್ಲ

ನಿಲಕ್ಕೋಟ್ಟೈ
ಜನವರಿ 3

ಹೋದ ವರ್ಷದ ಜಲ್ಲಿಕಟ್ಟಿನಲ್ಲಿ ಬೈಕು ಗೆದ್ದ ವೀರಾಧಿವೀರ ತಮ್ಮ ಶರವಣನ್‌ಗೆ ಅಕ್ಕ ಮಣಿಮೇಗಲೈಯ ಆಶೀರ್ವಾದ. ಕೊಡಲು ಮನಸ್ಸಿಲ್ಲ, ಒಡಹುಟ್ಟಿದ ತಪ್ಪಿಗೆ ಕೊಡುತ್ತಿದ್ದೇನೆ.

ನಿನ್ನ ವಿಡಿಯೊ ನೋಡಿದೆ. ಇಲ್ಲಿ ಮಲ್ಲಿಗೆ ಬಿಡಿಸುವ ಹೆಂಗಸರೆಲ್ಲ ಫೋನಿನಲ್ಲಿ ಅದನ್ನೇ ನೋಡುತ್ತಿದ್ದಾರೆ. ಕೊರಳಲ್ಲಿ ಹಾರ, ಮೂತಿಯ ಮುಂದೆ ಮೈಕು. "ಅಂಜ್ದವನ್ನ ತಾನ್ ಹೋರಿ ಕುತ್ತೋದು. ನಾನ್ ಅಂಜ್ಲಿಲ್ಲೆ, ಗೆದ್ದೆ" ಅನ್ನುತ್ತೀಯ. ವ್ರತ ಹಿಡಿದೆಯಂತೆ, ರಾಗಿ ಗಂಜಿ ಕುಡಿದೆಯಂತೆ, ಹೋರಿಯ ಬೆನ್ನ ಮೇಲಿನ ಹಿಣಿಲು ಬಿಡಲಿಲ್ಲವಂತೆ. ಆಹಾ, ಏನು ಜಂಬವೋ! ಅದನ್ನು ಕೇಳಿಯೇ ನನ್ನ ಮಗ ರಾಜಾ ಕಾಲೇಜು ಬಿಟ್ಟು ಓಡೈಪಟ್ಟಿಗೆ ಬಂದು ನಿನ್ನ ಮನೆ ಸೇರಿದ್ದಾನೆ. ಈ ಪೊಂಗಲ್‌ಗೆ ಜಲ್ಲಿಕಟ್ಟಿಗೆ ಇಳಿಯುತ್ತಾನಂತೆ.

ಥೂ! ಆ ಗಂಜಿ ಕಾಯಿಸಿದವಳು ಯಾರೋ? ತವರಿಗೆ ಬಂದಿದ್ದ ನಾನು. ಒಂದೇ ಪಾತ್ರೆಯಿಂದ ನಿನಗೂ ನಿನ್ನ ಗೆಳೆಯ ವೇಲುವಿಗೂ ಬಡಿಸಿದ್ದೆ. ಅವನೂ ಅದೇ ವ್ರತ ಹಿಡಿದಿದ್ದ, ಅದೇ ಗುರುವಿನ ಹತ್ತಿರ ಕಲಿತಿದ್ದ. ಧೈರ್ಯದಲ್ಲಿ ನೀನು ಅವನ ಕಾಲಿನ ಧೂಳಿಗೂ ಸಮ ಇರಲಿಲ್ಲ. ಹೋದ ವರ್ಷ ನಿನಗಿಂತ ಮೊದಲು ಇಳಿದವನು ಅವನೇ. ನಿನ್ನ ಹಾಗೆಯೇ ಹಿಣಿಲು ತಬ್ಬಿದ. ಆ ಹೋರಿ ಕತ್ತನ್ನು ಅವನ ಕಡೆ ತಿರುಗಿಸಿತು. ನೀನು ಹಿಡಿದದ್ದು ಆಚೆ ಕಡೆ ತಿರುಗಿಸಿತು. ಅಷ್ಟೇ ಕಣೋ ನಿನ್ನ ಸಾಧನೆ! ವೇಲುವಿನ ಜೀವ ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು.

ಅವನ ತಾಯಿ ವೀರಮ್ಮಾಳ್ ಮನೆಗೆ ಯಾವನಾದರೂ ಮೈಕು ಹಿಡಿದುಕೊಂಡು ಹೋದನಾ? ನಿನ್ನ ಮಗ ಏನು ಉಂಡ, ಎಂಥ ವ್ರತ ಮಾಡಿದ ಎಂದು ಕೇಳಿದನಾ? ಗೆದ್ದೆತ್ತಿನ ಬಾಲ ಹಿಡಿಯುವ ಊರು ಇದು. ಸತ್ತವರು ಎದ್ದು ಬಂದು ಎದುರಾಡುವುದಿಲ್ಲವಲ್ಲ, ಅದಕ್ಕೇ ನಿನ್ನ ನಾಲಿಗೆ ಇಷ್ಟು ಉದ್ದ. ಈ ಪೊಂಗಲ್‌ಗೆ ವೀರಮ್ಮಾಳ್ ಒಲೆಯನ್ನೇ ಹಚ್ಚುವುದಿಲ್ಲವಂತೆ. ನೀನು ಅವಳ ಬೀದಿಯಲ್ಲೇ ಆ ಬೈಕು ಓಡಿಸುತ್ತೀಯ, ನಾಚಿಕೆಗೆಟ್ಟವನೆ.

ನನಗೆ ಇರುವವನು ಒಬ್ಬನೇ ಮಗ. ಅವನನ್ನು ಕಳಿಸು.

ಇಂತಿ,
ನಿನ್ನ ಅಕ್ಕ ಅನ್ನಿಸಿಕೊಳ್ಳಲು ನಾಚುವ
ಮಣಿಮೇಗಲೈ

ವಿ.ಸೂ.: ರಾಜಾ, ನಿನ್ನ ಮಾವನಿಗೆ ಓದಲು ಬಾರದು. ಇದನ್ನು ಓದಿ ಹೇಳುತ್ತಿರುವವನು ನೀನೇ ಎಂದು ನನಗೆ ಗೊತ್ತು. ನಿನ್ನ ಹೆಸರಿಗೆ ಬರೆದಿದ್ದರೆ ನೀನು ಒಡೆಯದೆಯೇ ಹರಿದು ಹಾಕುತ್ತಿದ್ದೆ. ಈಗ ಅವನ ಮುಖ ನೋಡು, ಕಂದಾ. ವೇಲು ಅಂಜಿದ್ದನಾ ಎಂದು ಕೇಳು. ಅವನು ಬಾಯಿ ಬಿಡದಿದ್ದರೆ ಚೀಲ ಎತ್ತಿಕೊಂಡು ಮೊದಲ ಬಸ್ಸಿಗೇ ಮನೆಗೆ ಬಾ.